ಸದ್ದಿಲ್ಲದ ಬಂದೂಕು

ಕೋಣ ಷಣ್ಮುಖಪ್ಪನವರ ಹೊಲಕ್ಕೆ ಮೊದಲ ಸಲ ಬಂದಾಗ ಊರಿನವರು ಅವರನ್ನು ಅಭಿನಂದಿಸಿದರು. ಎರಡನೆಯ ಸಲ ಬಂದಾಗ ಪುಣ್ಯವಂತರು ಎಂದರು. ಆಮೇಲೆ ಅದು ದಿನಾ ಬರತೊಡಗಿ, ಬಂದದ್ದು ಹೋಗುವುದನ್ನೂ ಮರೆತಾಗ ಯಾರೂ ಏನೂ ಅನ್ನಲಿಲ್ಲ. ತಮ್ಮ ತಮ್ಮ ಹೊಲದ ಕಡೆ ಒಮ್ಮೆ ನೋಡಿ, ದುರ್ಗಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದು, ನೆಮ್ಮದಿಯಾಗಿ ನಿದ್ದೆ ಮಾಡಿದರು.

ಅದು ದುರ್ಗಮ್ಮನ ಹೆಸರಿನಲ್ಲಿ ಬಿಟ್ಟ ಕೋಣ. ಹಿಂದೆಯಾದರೆ ಇಂಥ ಕೋಣಕ್ಕೆ ಹಬ್ಬದ ದಿನ ಕೊನೆ ಅಂತ ಒಂದಿರುತ್ತಿತ್ತು. ಸರಕಾರ ಬಲಿ ನಿಲ್ಲಿಸಿದ ಮೇಲೆ ಬಿಡುವ ಶಾಸ್ತ್ರ ಮಾತ್ರ ಉಳಿದು ಕೊನೆಯ ಶಾಸ್ತ್ರ ಹೋಯಿತು. ಹೀಗಾಗಿ ಸವಳಂಗದ ಪಕ್ಕದ ಆ ಊರಿನ ಕೋಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಗಿ, ದೂರದಿಂದ ನೋಡಿದವರಿಗೆ ಯಾರೋ ಬೆಳೆಯ ನಡುವೆ ಲಾರಿ ನಿಲ್ಲಿಸಿ ಊಟಕ್ಕೆ ಹೋದಂತೆ ಕಾಣುತ್ತಿತ್ತು. ಅದಕ್ಕೆ ಕೋಲು ಎತ್ತುವಂತಿಲ್ಲ, ಕಲ್ಲು ಎಸೆಯುವಂತಿಲ್ಲ, ಗದರುವಂತಿಲ್ಲ. ಹೊಲದ ಬದುವಿನಲ್ಲಿ ನಿಂತು, ಎರಡೂ ಕೈ ಜೋಡಿಸಿ, "ಅಪ್ಪಾ, ಸಾಕಪ್ಪಾ, ಮುಂದಿನ ಹೊಲಕ್ಕೆ ದಯಮಾಡ್ಸಪ್ಪಾ" ಎಂದು ಬೇಡಿಕೊಳ್ಳಬೇಕು. ಕೋಣ ಕೇಳಿಸಿಕೊಳ್ಳುತ್ತಿತ್ತು. ಕೇಳಿಸಿಕೊಂಡು ಮುಂದಿನ ಸಾಲಿಗೆ ದಯಮಾಡಿಸುತ್ತಿತ್ತು.

ಷಣ್ಮುಖಪ್ಪನವರದು ಎರಡೆಕರೆ ಮುಸುಕಿನಜೋಳ. ಊರಿನಲ್ಲಿ ಹೈಬ್ರಿಡ್ ಬೀಜ ಹಾಕಿದವರಲ್ಲಿ ಅವರೇ ಮೊದಲು. ಸೋಮವಾರ ಹೊನ್ನಾಳಿಯ ಕೃಷಿ ಅಧಿಕಾರಿಗಳು ಸುತ್ತಿನ ಊರುಗಳ ರೈತರನ್ನು ಕರೆದುಕೊಂಡು ಈ ಬೆಳೆ ತೋರಿಸಲು ಬರುವವರಿದ್ದರು. ಇದನ್ನು ಷಣ್ಮುಖಪ್ಪನವರು ಕಂಡಕಂಡವರಿಗೆಲ್ಲ ಹೇಳಿ ಆಗಿತ್ತು. ಈಗ ಅದು ಗುರುವಾರ. ಹೊಲದಲ್ಲಿ ಪಶ್ಚಿಮದ ಕಡೆ ಇನ್ನೂ ಒಂದಿಷ್ಟು ಜೋಳ ನಿಂತಿತ್ತು, ಪೂರ್ವದ ಕಡೆ ಕೋಣ ನಿಂತಿತ್ತು. ಹೀಗೇ ಬಿಟ್ಟರೆ ಅಧಿಕಾರಿಗಳು ಬಂದಾಗ ತೋರಿಸಲು ಉಳಿಯುವುದು ಕೋಣ ಒಂದೇ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಆ ಗುರುವಾರ ಬೆಳಿಗ್ಗೆ, ಹೆಂಡತಿ ರುದ್ರಾಣಿಗೆ "ಗೊಬ್ಬರ ವಿಚಾರಿಸಿ ಬರ್ತೀನಿ" ಎಂದಷ್ಟೇ ಹೇಳಿ ಷಣ್ಮುಖಪ್ಪನವರು ಹೊನ್ನಾಳಿ ಬಸ್ಸು ಹತ್ತಿದರು. ರುದ್ರಾಣಿ ಪ್ರತಿ ಮಂಗಳವಾರ ದುರ್ಗಮ್ಮನಿಗಾಗಿ ಒಂದೊತ್ತು ಇರುವವಳು. ಗಂಡನ ತಲೆಯಲ್ಲಿ ಏನಿದೆಯೆಂದು ತಿಳಿದಿದ್ದರೆ ಆ ದಿನವೇ ತವರಿಗೆ ಹೊರಡುತ್ತಿದ್ದಳು. ಹೋಗುವಾಗ ಕಾರಣವನ್ನೂ ಬೀದಿಗೆಲ್ಲ ಹೇಳಿ ಹೋಗುತ್ತಿದ್ದಳು.

ಹೊನ್ನಾಳಿಯಲ್ಲಿ ಸೈಕಲ್ಲು, ಹೊಲಿಗೆಯಂತ್ರ ಮಾರುವ ಅಂಗಡಿಯೊಂದರ ಒಳಕೋಣೆಯಲ್ಲಿ ಗಾಳಿ ಬಂದೂಕೂ ಸಿಗುತ್ತಿತ್ತು. ಅಂಗಡಿಯ ಸಾಹೇಬರು ಮೂರು ಬಂದೂಕು ತಂದು ಹೊಲಿಗೆಯಂತ್ರದ ಮೇಲೆ ಮಲಗಿಸಿದರು.

"ಏನು ಹೊಡಿಯಾಕೆ ಬೇಕು ಯಜಮಾನ್ರೆ?"

"ಹೆಗ್ಗಣ."

"ಎಷ್ಟು ದೊಡ್ಡದು?"

ಷಣ್ಮುಖಪ್ಪನವರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಎರಡು ಕೈ ಅಗಲಿಸಿದರು. ಸಾಲದೆನಿಸಿ ಇನ್ನೂ ಅಗಲಿಸಿದರು. ಒಂದು ಕೈ ಗೋಡೆಗೆ ತಾಗಿದಾಗ ನಿಲ್ಲಿಸಿದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಹೆಗ್ಗಣ?"

"ನಮ್ಮ ಕಡೆ ನೆಲ ಭಾಳ ಫಲವತ್ತಾಗೈತೆ."

"ಸಾಯಬೇಕಾ?"

"ಅಯ್ಯೋ, ಬ್ಯಾಡ್ರಿ! ಸಾಯಂಗೇ ಇಲ್ಲ. ನೋವೂ ಭಾಳ ಆಗಬಾರ್ದು. ಈ ಹೊಲದಾಗೆ ನಂಗೆ ಮೊದಲಿನ ಮರ್ಯಾದೆ ಇಲ್ಲ ಅಂತ ಅದಕ್ಕೆ ಅನ್ನಿಸ್ಬೇಕು, ಅಷ್ಟೇ."

ಸಾಹೇಬರು ನಲವತ್ತು ವರ್ಷ ವ್ಯಾಪಾರ ಮಾಡಿದವರು. ಗಿರಾಕಿಯ ಹೆಗ್ಗಣಕ್ಕೆ ಮರ್ಯಾದೆಯ ಪ್ರಶ್ನೆಯಿದ್ದರೆ ಅದು ಗಿರಾಕಿಗೂ ಹೆಗ್ಗಣಕ್ಕೂ ಬಿಟ್ಟದ್ದೆಂದು ಸುಮ್ಮನಾದರು. "ಈ ಉದ್ದಂದು ದೂರ ಹೋಗ್ತದೆ. ಇದು ಮಕ್ಕಳು ಬಲೂನ್ ಹೊಡಿಯೋದು. ಈ ನಡುವಿಂದು..."

"ಸದ್ದು ಯಾವುದು ಕಮ್ಮಿ ಮಾಡ್ತದೆ?"

"ಮೂರೂ ಕಮ್ಮಿನೇ."

"ಹಂಗಲ್ಲ. ನೀವು ಇಲ್ಲಿ ಹೊಡೀರಿ, ನಾನು ಹೊರಗೆ ನಿಂತು ಕೇಳ್ತೀನಿ."

ಅವರು ರಸ್ತೆ ದಾಟಿ ಎದುರಿನ ಚಹಾದಂಗಡಿಯ ಮುಂದೆ ನಿಂತು ಕಿವಿ ಕೊಟ್ಟರು. ಒಳಗೆ ಸಾಹೇಬರು ಹತ್ತಿ ಮೂಟೆಗೆ ಒಂದು ಗುಂಡು ಹೊಡೆದರು. ಕುಂಬಳಕಾಯಿ ಅಟ್ಟದಿಂದ ಬಿದ್ದಂತಾಯಿತು. ಷಣ್ಮುಖಪ್ಪನವರು ಬೇಡವೆಂದು ತಲೆಯಾಡಿಸಿದರು. ಎರಡನೆಯದು ಬೈಸಿಕಲ್ ಟ್ಯೂಬು ಒಡೆದಂತೆ ಕೇಳಿತು. ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದವರೂ ಲೋಟ ಹಿಡಿದು ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಮೂರನೆಯದು ನಡುವಿನ ಬಂದೂಕು. ಒಣಕಡ್ಡಿ ಮುರಿದಂತೆ ಒಂದು ಸಣ್ಣ 'ಚಟ್'.

"ಇದೇ ಚಲೋ ಐತ್ರಿ," ಎಂದ ಚಹಾದಂಗಡಿಯವನು. "ಯಾರಿಗೂ ಗೊತ್ತಾಗಂಗಿಲ್ಲ. ಏನು ಕೆಲ್ಸಕ್ಕೆ?"

ಷಣ್ಮುಖಪ್ಪನವರು ಸರಸರನೆ ರಸ್ತೆ ದಾಟಿ ಬಂದರು. "ಇದಕ್ಕೆ ಲೈಸನ್ಸು ಬೇಕೇನ್ರಿ?"

"ಇದರಾಗಿರೋದು ಗಾಳಿ. ಗಾಳಿಗೆ ಯಾರು ಲೈಸನ್ಸು ಕೇಳ್ತಾರೆ?" ಎಂದು ಸಾಹೇಬರು ಬಂದೂಕನ್ನು ನಡುವೆ ಮಡಚಿ, ಕಡಲೆಗಿಂತ ಚಿಕ್ಕದೊಂದು ಸೀಸದ ಗುಂಡು ಇಟ್ಟು, ಮತ್ತೆ ನೇರ ಮಾಡುವುದನ್ನು ತೋರಿಸಿಕೊಟ್ಟರು.

ಕೊಂಡದ್ದೇನೋ ಆಯಿತು, ಒಯ್ಯುವುದು ಹೇಗೆ? ಷಣ್ಮುಖಪ್ಪನವರು ಪಕ್ಕದಂಗಡಿಯಲ್ಲಿ ಹೊಸ ಚಾಪೆಯೊಂದನ್ನು ಕೊಂಡು, ಬಂದೂಕನ್ನು ಅದರೊಳಗೆ ಸುತ್ತಿ ಹುರಿಯಲ್ಲಿ ಕಟ್ಟಿದರು. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿದರು. ಆ ಮೆಚ್ಚುಗೆ ಬಸ್ಸು ಹತ್ತುವವರೆಗೆ ಬಾಳಿತು.

ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಶಿವಮೂರ್ತಪ್ಪ ಕೂತಿದ್ದ. ಷಣ್ಮುಖಪ್ಪನವರ ಹೊಲಕ್ಕೆ ಹತ್ತಿಕೊಂಡ ಹೊಲ ಅವನದು.

"ಹೊಸ ಚಾಪೆ!" ಎಂದ ಶಿವಮೂರ್ತಪ್ಪ.

"ಹೂಂ."

"ಭಾರಿ ಭಾರ ಐತಲ್ರಿ."

"ಗಟ್ಟಿ ಚಾಪೆ."

ಶಿವಮೂರ್ತಪ್ಪ ಚಾಪೆಯನ್ನು ಇನ್ನೊಮ್ಮೆ ನೋಡಿದ. ಆ ಊರಲ್ಲಿ ಇದ್ದ ಚಾಪೆ ಹರಿಯುವವರೆಗೆ ಯಾರೂ ಹೊಸದು ತರುವವರಲ್ಲ. ಮಗಳು ಹೆರಿಗೆಗೆ ಬಂದಾಗ ಮಾತ್ರ ಬಾಣಂತಿ ಕೋಣೆಗೆಂದು ಹೊಸ ಚಾಪೆ ಬರುತ್ತದೆ. ಅವನ ಮುಖ ಅರಳಿತು.

"ಓಹೋ! ನಿಮ್ಮ ಮಗಳು ಗಿರಿಜಾ ಬರ್ತಾಳೆ ಅನ್ನಿ. ಮದುವೆ ಆಗಿದ್ದು ಯಾವಾಗ್ರಿ ಅವಳ್ದು?"

"ವೈಶಾಖದಾಗೆ," ಎಂದರು ಷಣ್ಮುಖಪ್ಪನವರು, ಪ್ರಶ್ನೆ ಎಲ್ಲಿಗೆ ಹೋಗುತ್ತಿದೆಯೆಂದು ಹೊಳೆಯದೆ.

ಈಗ ಭಾದ್ರಪದ. ಶಿವಮೂರ್ತಪ್ಪ ತೊಡೆಯ ಮೇಲೆ ಬೆರಳು ಮಡಚುತ್ತ ಹೋಗಿ, ನಾಲ್ಕನೆಯ ಬೆರಳಿಗೆ ನಿಂತ. ಮತ್ತೆ ಮೊದಲಿಂದ ಮಡಚಿದ. ಮತ್ತೆ ನಾಲ್ಕಕ್ಕೇ ನಿಂತಿತು. ಬೆರಳುಗಳನ್ನು ಮೆಲ್ಲಗೆ ಬಿಚ್ಚಿ ಕಿಟಕಿಯ ಹೊರಗೆ ನೋಡುತ್ತ, "ಕಾಲ ಕೆಟ್ಟೋಗೈತೆ ಬಿಡ್ರಿ," ಎಂದ.

ಬಸ್ಸಿಳಿದು ಷಣ್ಮುಖಪ್ಪನವರು ಹಿತ್ತಲ ದಾರಿ ಹಿಡಿದರು. ಸುದ್ದಿ ಬೀದಿಯ ದಾರಿ ಹಿಡಿಯಿತು. ಸುದ್ದಿ ಮೊದಲು ಮುಟ್ಟಿತು. ಅವರು ಮನೆಯೊಳಗೆ ಕಾಲಿಡುವ ಹೊತ್ತಿಗೆ ರುದ್ರಾಣಿ ಕಂಬಕ್ಕೊರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಎದುರುಮನೆ ಕಲ್ಲಮ್ಮಜ್ಜಿ. ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಕಣ್ಣಲ್ಲಿ ನೀರು ತರುವವಳು ಈಕೆ.

"ರೀ, ಹೆತ್ತ ತಾಯಿಗೇ ಹೇಳ್ದೆ ಚಾಪೆ ತಂದೀರಲ್ಲ! ನನ್ನ ಮಗಳಿಗೆ ಏನಾಗೈತೆ ಹೇಳ್ರಿ!"

"ಏನೂ ಆಗಿಲ್ಲ ಮಾರಾಯ್ತಿ!"

"ಆಗಿದ್ದು ಆಗೋಯ್ತು ರುದ್ರಾಣಿ," ಎಂದಳು ಕಲ್ಲಮ್ಮ. "ಏಳು ತಿಂಗಳಿಗೆ ಹುಟ್ಟಿದ್ವು ಎಷ್ಟು ಬದುಕಿಲ್ಲ? ನಾಲ್ಕು ತಿಂಗಳಿಗೆ ಹುಟ್ಟಿದ್ದು ಮಾತ್ರ ನಾನು ಕೇಳಿಲ್ಲವ್ವ."

ಷಣ್ಮುಖಪ್ಪನವರ ಬೆನ್ನಮೇಲೆ ಬೆವರು ಇಳಿಯಿತು. ಬೆನ್ನು ನೆನಪಾಯಿತು. "ಚಾಪೆ ನನಗೆ! ಬೆನ್ನು ನೋವು. ಮಂಚದ ಮ್ಯಾಲೆ ಮಲಗಬ್ಯಾಡ, ನೆಲದ ಮ್ಯಾಲೆ ಹೊಸ ಚಾಪೆ ಹಾಸ್ಕಂಡು ಮಲಗು ಅಂತ ಹೊನ್ನಾಳಿ ಡಾಕ್ಟ್ರು ಹೇಳಿದ್ರು."

"ಗೊಬ್ಬರಕ್ಕೆ ಹೋದೋರು ಡಾಕ್ಟ್ರ ಹತ್ರ ಯಾಕೆ ಹೋದ್ರಿ?" ಎಂದಳು ರುದ್ರಾಣಿ, ಅಳು ಅರ್ಧಕ್ಕೇ ನಿಲ್ಲಿಸಿ.

"ದಾರಿಯಾಗೆ ಹಿಡ್ಕಂತು."

"ಎಲ್ಲಪ್ಪಾ ನೋವು, ತೋರ್ಸು," ಎಂದು ಕಲ್ಲಮ್ಮ ಎದ್ದೇಬಿಟ್ಟಳು. "ಮನೆಯಾಗೆ ಬೇವಿನೆಣ್ಣೆ ಐತೆ. ಹಾಸು ಚಾಪೆ, ಈಗ್ಲೇ ತಿಕ್ತೀನಿ." ಹೇಳುತ್ತಲೇ ಹುರಿಯ ಗಂಟಿಗೆ ಕೈ ಹಾಕಿದಳು.

ಬೆನ್ನು ನೋವಿನವರು ಹಾಗೆ ಜಿಗಿದದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಷಣ್ಮುಖಪ್ಪನವರು ಚಾಪೆಯನ್ನು ಎದೆಗವುಚಿಕೊಂಡು, "ಇಲ್ಲಿ ಸೆಕೆ. ಹೊಲದಾಗೆ ಅಟ್ಟಣೆ ಮ್ಯಾಲೆ ಮಲಗ್ತೀನಿ," ಎಂದು ಹೊರಬಿದ್ದರು. ಗಂಡ ಚಾಪೆ ಹೊತ್ತು ಮಧ್ಯಾಹ್ನ ಮನೆಬಿಟ್ಟನೆಂಬ ಸುದ್ದಿ ಹಬ್ಬಿ, ಅವರು ಬೀದಿಯ ಆ ತುದಿಗೆ ಹೋಗುವಷ್ಟರಲ್ಲಿ ಎರಡು ಕಡೆ ರಾಜಿ ಮಾಡಿಸುವವರು ಸಿಕ್ಕರು. "ಗಂಡ ಹೆಂಡತಿ ಅಂದ್ಮೇಲೆ ಇರ್ತದ್ರಿ, ಬರ್ರಿ ವಾಪಸ್ಸು," ಎಂದು ಒಬ್ಬರು ಚಾಪೆ ಹಿಡಿದೆಳೆದೂ ನೋಡಿದರು. ಷಣ್ಮುಖಪ್ಪನವರು ಕೊಸರಿಕೊಂಡು ಓಡಿದರು.

ಹೊಲದ ನಡುವೆ ಹಕ್ಕಿ ಕಾಯಲು ಕಟ್ಟಿದ ಅಟ್ಟಣೆಯಿತ್ತು. ಮೇಲೆ ಹತ್ತಿ, ಚಾಪೆ ಬಿಚ್ಚಿ, ಬಂದೂಕು ಮಡಚಿ ಗುಂಡು ಇಟ್ಟರು. ಊರು ಮಧ್ಯಾಹ್ನ ಉಂಡು ಮಲಗುವ ಹೊತ್ತು. ಸುತ್ತ ಎಲ್ಲೂ ಜನರಿಲ್ಲ. ಕೋಣ ಇವರಿಗೆ ಹಿಂಭಾಗ ಕೊಟ್ಟು ನಿಂತು, ಒಂದೊಂದೇ ತೆನೆಯನ್ನು ಸಿಪ್ಪೆಸಮೇತ ನಿಧಾನವಾಗಿ ಅಗಿಯುತ್ತಿತ್ತು. ಅಷ್ಟು ದೊಡ್ಡ ಗುರಿ ತಪ್ಪುವುದು ಸಾಧ್ಯವೇ ಇರಲಿಲ್ಲ. ಆದರೂ ಬಂದೂಕಿನ ಬಾಯಿ ಒಮ್ಮೆ ಸವಳಂಗದ ಕಡೆಗೂ ಒಮ್ಮೆ ನ್ಯಾಮತಿಯ ಕಡೆಗೂ ತೂಗಾಡುತ್ತಿತ್ತು.

"ತಾಯೀ, ತಪ್ಪಾಯ್ತು. ಸೋಮವಾರ ಕಳೀಲಿ, ಐದು ತೆಂಗಿನಕಾಯಿ ಒಡೆಸ್ತೀನಿ," ಎಂದು ಮೊದಲೇ ಕ್ಷಮೆ ಕೇಳಿಕೊಂಡು, ಕಣ್ಣು ಮುಚ್ಚಿ ಒತ್ತಿದರು.

'ಚಟ್'.

ಸಾಹೇಬರು ಸುಳ್ಳು ಹೇಳಿರಲಿಲ್ಲ. ಕಾಗೆ ಕೂಡ ಹಾರಲಿಲ್ಲ. ಕೋಣ ಓಡಲೂ ಇಲ್ಲ. ಅಗಿಯುವುದನ್ನು ನಿಲ್ಲಿಸಿ, ಕುತ್ತಿಗೆ ತಿರುಗಿಸಿ, ಅಟ್ಟಣೆಯ ಮೇಲಿದ್ದವರನ್ನು ಬಹಳ ಹೊತ್ತು ನೋಡಿತು. ಆಮೇಲೆ ಮುಂಗಾಲು ಮಡಚಿ, ಹಿಂಗಾಲು ಮಡಚಿ, ಅರ್ಧ ಎಕರೆ ಜೋಳ ನೆಲಕ್ಕೊರಗಿಸುತ್ತ ಕೂತಿತು. ಕಣ್ಣು ಮುಚ್ಚಿತು.

ಷಣ್ಮುಖಪ್ಪನವರು ಬಗ್ಗಿ ನೋಡಿದರು. ಸತ್ತಿತೇ? ಅಮ್ಮನ ಕೋಣ, ತಮ್ಮ ಹೊಲದಲ್ಲಿ, ತಮ್ಮ ಕೈಯಿಂದ! ಜಾತಿಗೆ ಸೇರಿಸುತ್ತಾರೋ ಇಲ್ಲವೋ, ರುದ್ರಾಣಿ ಉಳಿಯುತ್ತಾಳೋ ಇಲ್ಲವೋ, ಗಿರಿಜಾಳನ್ನು ಬೀಗರು ಇಟ್ಟುಕೊಳ್ಳುತ್ತಾರೋ ಇಲ್ಲವೋ. ಬಂದೂಕನ್ನು ಚಾಪೆಯೊಳಗೆ ತುರುಕಿ ಅಟ್ಟಣೆಯಿಂದ ದಡಕ್ಕನೆ ಜಾರಿದರು. ದನದ ಡಾಕ್ಟರು ಅಂದು ಪಂಚಾಕ್ಷರಪ್ಪನವರ ಹಸುವಿಗೆ ಸೂಜಿ ಹಾಕಲು ಊರಿಗೆ ಬಂದದ್ದು ಅವರಿಗೆ ಗೊತ್ತಿತ್ತು. ಬಿದ್ದು ಎದ್ದು ಅಲ್ಲಿಗೆ ಓಡಿದರು.

"ಡಾಕ್ಟ್ರೇ, ಕೋಣ ಮಲಗೈತೆ! ಏಳ್ತಿಲ್ಲ! ಎಷ್ಟಾದ್ರೂ ಆಗ್ಲಿ, ಉಳಿಸ್ರಿ!"

ಸದ್ದಿಲ್ಲದ ಕೆಲಸಕ್ಕೆಂದು ಅಷ್ಟು ದೂರ ಹೋಗಿ ಬಂದೂಕು ಆರಿಸಿ ತಂದವರು, ಈಗ ಊರೇ ಎದ್ದು ಕೂರುವಂತೆ ಕೂಗಿದ್ದರು. ಐದು ನಿಮಿಷದಲ್ಲಿ ಹೊಲದ ತುಂಬ ಜನ. ಕೋಣ ತುಳಿಯದೆ ಬಿಟ್ಟಿದ್ದ ಜೋಳವನ್ನು ಭಕ್ತರು ತುಳಿದರು. ದುರ್ಗಮ್ಮನ ಗುಡಿಯ ಮುಖ್ಯಸ್ಥರಾದ ಪಂಚಾಕ್ಷರಪ್ಪನವರು, ಪೂಜಾರಿ ಬೈಲಪ್ಪ, ರುದ್ರಾಣಿ, ಎಣ್ಣೆ ಬಟ್ಟಲು ಹಿಡಿದ ಕಲ್ಲಮ್ಮ, ಎಲ್ಲರೂ ಬಂದರು. ಶಿವಮೂರ್ತಪ್ಪ ಸರಿಯಾಗಿ ಕಾಣಲೆಂದು ಅಟ್ಟಣೆ ಹತ್ತಿ ನಿಂತ. ಷಣ್ಮುಖಪ್ಪನವರ ಚಾಪೆ ಅವನ ಕಾಲಬುಡದಲ್ಲೇ ಇತ್ತು.

"ಪಾಪ, ಹೆಂಗೆ ನಡುಗ್ತಾವ್ರೆ ನೋಡ್ರಿ," ಎಂದ ಬೈಲಪ್ಪ. "ಭಕ್ತಿ ಅಂದ್ರೆ ಇದು."

ಡಾಕ್ಟರು ಮಂಡ್ಯದ ಕಡೆಯವರು, ಈ ಸೀಮೆಗೆ ಹೊಸಬರು. ಕೋಣದ ಕಣ್ಣು ಬಿಡಿಸಿ ನೋಡಿ, ಹೊಟ್ಟೆ ತಟ್ಟಿ, "ಏನೂ ಆಗಿಲ್ಲ ಕಣ್ರಿ. ಹೊಟ್ಟೆ ಬಿರಿಯೋ ಹಂಗೆ ತಿಂದು ಮಲಗದೆ," ಎಂದರು. ಷಣ್ಮುಖಪ್ಪನವರಿಗೆ ಹೋದ ಉಸಿರು ಬಂತು. ಅಷ್ಟರಲ್ಲಿ ಡಾಕ್ಟರ ಕೈ ಕೋಣದ ತೊಡೆಯ ಮೇಲೆ ಒಂದು ಕಡೆ ನಿಂತಿತು. "ಇದೇನಿದು, ಚರ್ಮದಡೀಲಿ ಗಂಟು?" ಚೀಲದಿಂದ ಇಕ್ಕಳ ತೆಗೆದು, ಒತ್ತಿ, ಎಳೆದರು. ಅಂಗೈಯಲ್ಲಿ ಸೀಸದ ಗುಂಡೊಂದು ಮಿಂಚಿತು.

ಬಂದ ಉಸಿರು ಮತ್ತೆ ಹೋಯಿತು.

"ಗುಂಡು ಹೊಡೆದವ್ರೆ ಕಣ್ರಿ ಇದಕ್ಕೆ!" ಡಾಕ್ಟರು ಗುಂಡನ್ನು ಜೋಳದ ಗರಿಯ ಮೇಲಿಟ್ಟರು. ಷಣ್ಮುಖಪ್ಪನವರು ಎಲ್ಲವನ್ನೂ ಒಪ್ಪಿಕೊಂಡು ಅಲ್ಲೇ ಅಡ್ಡಬೀಳುವುದೆಂದು ಬಾಯಿ ತೆರೆದರು.

"ತಾಳಿ, ಇಲ್ಲೊಂದು ಅದೆ," ಎಂದರು ಡಾಕ್ಟರು.

ತೆರೆದ ಬಾಯಿ ಹಾಗೇ ನಿಂತಿತು. ಅವರು ಹೊಡೆದದ್ದು ಒಂದೇ ಗುಂಡು.

"ಇಲ್ಲೊಂದು. ಇದು ಹಳೇದು, ಮೇಲೆ ಚರ್ಮ ಬೆಳೆದದೆ. ಇಲ್ಲೆರಡು. ಅಯ್ಯಯ್ಯೋ, ಈ ಕಡೆ ನೋಡ್ರಿ, ರಾಗಿ ಬಿತ್ತಿದ ಹಂಗೆ!" ಗರಿಯ ಮೇಲೆ ಗುಂಡುಗಳು ಗುಡ್ಡೆಯಾಗುತ್ತ ಹೋದವು. ಕೋಣ ಯಾರೋ ಬೆನ್ನು ಕೆರೆಯುತ್ತಿದ್ದಾರೆಂಬ ಸುಖದಲ್ಲಿ ಕಿವಿ ಅಲ್ಲಾಡಿಸುತ್ತಿತ್ತು. ಷಣ್ಮುಖಪ್ಪನವರು ಮೆಲ್ಲಗೆ ತಲೆಯೆತ್ತಿ ಸುತ್ತ ನೋಡಿದರು. ಪಂಚಾಕ್ಷರಪ್ಪನವರು ಮೋಡ ನೋಡುತ್ತಿದ್ದರು. ಬೈಲಪ್ಪ ತನ್ನ ಕಾಲಬೆರಳು ನೋಡುತ್ತಿದ್ದ. ಅಟ್ಟಣೆಯ ಮೇಲಿನ ಶಿವಮೂರ್ತಪ್ಪ ಇದ್ದಕ್ಕಿದ್ದಂತೆ ಇಲ್ಲದ ಹಕ್ಕಿ ಓಡಿಸತೊಡಗಿದ್ದ. ಇಡೀ ಗುಂಪಿನಲ್ಲಿ ಒಬ್ಬರ ಕಣ್ಣು ಇನ್ನೊಬ್ಬರಿಗೆ ಸಿಗಲಿಲ್ಲ.

"ನಿಮ್ಮೂರಲ್ಲಿ ಬಂದೂಕು ಯಾರ ಹತ್ರ ಅದೆ?" ಎಂದು ಕೇಳಿದರು ಡಾಕ್ಟರು.

"ಬಂದೂಕೇ ಇಲ್ರಿ ನಮ್ಮೂರಾಗೆ!" ಎಂದು ಊರು ಒಂದೇ ದನಿಯಲ್ಲಿ ಹೇಳಿತು. ಭಜನೆಯಲ್ಲಿ ಕೂಡ ಅವರ ದನಿ ಎಂದೂ ಅಷ್ಟು ಕೂಡಿ ಬಂದಿರಲಿಲ್ಲ.

ಬೈಲಪ್ಪ ಗಂಟಲು ಸರಿಪಡಿಸಿಕೊಂಡ. "ಇವು ಗುಂಡಲ್ರಿ ಡಾಕ್ಟ್ರೆ. ಸಿಡುಬು ಬಂದಾಗ ಅಮ್ಮ ಮೈಮ್ಯಾಲೆ ಮುತ್ತು ಹಾಕ್ತಾಳಲ್ಲ, ಹಂಗೆ. ತಾಯಿ ಮುತ್ತು ಇವು. ಕೋಣ ಹೊಲ ಹೊಲ ಅಲೆಯೋದು ತಾಯಿಗೆ ಬ್ಯಾಡಾಗೈತೆ. ಒಂದು ಕಡೆ ನೆಲೆ ನಿಲ್ಲಿಸ್ರಿ ಅಂತ ಹೇಳ್ತಾವಳೆ."

"ಹೌದ್ಹೌದು!" ಎಂದರು ಎಲ್ಲರೂ, ಅವನ ಮಾತು ಮುಗಿಯುವ ಮೊದಲೇ.

"ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನೂ ತಾಯಿನೇ ತೋರ್ಸ್ಯಾಳೆ," ಎಂದರು ಪಂಚಾಕ್ಷರಪ್ಪನವರು. "ಅದು ಎಲ್ಲಿ ಕೂತೈತೆ ನೋಡ್ರಿ. ಅದಕ್ಕಾಗಿ ಬಿದ್ದೆದ್ದು ಓಡಿ ಬಂದೋರು ಯಾರು? ಇವತ್ತಿಂದ ಷಣ್ಮುಖಪ್ನೋರ ಹೊಲವೇ ಅದರ ಹೊಲ. ಅದರ ಮೇವು ನೀರು ಅವರ್ದೇ. ಅದು ಇರೋ ತನಕ."

"ಯಜಮಾನ್ರೆ, ಸೋಮವಾರ ಆಫೀಸರು..." ಎಂದರು ಷಣ್ಮುಖಪ್ಪನವರು. ಆ ಹೊತ್ತಿಗೆ ಶಿವಮೂರ್ತಪ್ಪ ಅಟ್ಟಣೆಯಿಂದಿಳಿದು ಬಂದು ಅವರ ಕಿವಿಯ ಹತ್ತಿರ ಬಗ್ಗಿದ್ದ.

"ನಿಮ್ಮ ಚಾಪೆ ಮ್ಯಾಲೇ ಐತ್ರಿ," ಎಂದ ಮೆಲ್ಲಗೆ. "ಎಲ್ಲಾರ ಮುಂದೆ ಬಿಚ್ಚಿ ಹಾಸ್ಲೇನು?"

"...ಆಫೀಸರೂ ಬಂದು ಅಮ್ಮನ ಕೋಣಕ್ಕೆ ಕೈಮುಗೀಲಿ," ಎಂದು ಷಣ್ಮುಖಪ್ಪನವರು ಮಾತು ಮುಗಿಸಿದರು.

ಕಾಯಿ ಒಡೆದರು. ರುದ್ರಾಣಿ ಆನಂದಬಾಷ್ಪ ಸುರಿಸಿ ಕೋಣಕ್ಕೆ ಅರಿಶಿನ ಹಚ್ಚಿದಳು. ಡಾಕ್ಟರು ಮಾತ್ರ ಗುಂಡುಗಳನ್ನು ಪೊಟ್ಟಣ ಕಟ್ಟಿ ಜೇಬಿಗಿಟ್ಟುಕೊಂಡರು. "ಮುತ್ತೋ ಗುಂಡೋ, ನಾಳೆ ಬೆಳಿಗ್ಗೆ ನ್ಯಾಮತಿ ಠಾಣೆಗೆ ಹೇಳ್ತೀನಿ. ಬಂದು ಮನೆ ಮನೆ ನೋಡ್ಲಿ," ಎಂದು ಮೋಟಾರ್ ಬೈಕು ಹತ್ತಿ ಹೋದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ, ಷಣ್ಮುಖಪ್ಪನವರು ಹಾಗೂ ಹೀಗೂ ಚಾಪೆಯನ್ನು ಮನೆಗೆ ಸಾಗಿಸಿ ಅಟ್ಟದ ಮೇಲೆ ತಳ್ಳಿ ಕೂತಿದ್ದರು. ಬೆಳಗಾಗುವುದರೊಳಗೆ ಅದನ್ನು ಯಾವ ಬಾವಿಗೆ ಹಾಕುವುದೆಂದು ಯೋಚಿಸುತ್ತಿದ್ದಾಗ ಹಿತ್ತಲ ಬಾಗಿಲು ಸದ್ದಾಯಿತು. ಶಿವಮೂರ್ತಪ್ಪ ನಿಂತಿದ್ದ. ಕೈಯಲ್ಲಿ ಕಬ್ಬಿನ ಕಟ್ಟು.

"ಕೋಣಕ್ಕೆ ಕಬ್ಬೇನಪ್ಪಾ?"

"ಮ್ಯಾಲಿಂದು ಕಬ್ಬು," ಎಂದ ಶಿವಮೂರ್ತಪ್ಪ. "ಒಳಗಿಂದು ನಿಮ್ಮ ಹತ್ರ ಇರ್ಲಿ. ಅಮ್ಮನ ಕೋಣ ಸಾಕೋರ ಮನೆಯಾಗೆ ಪೊಲೀಸ್ರು ಹುಡುಕಾಕಿಲ್ಲ. ಇನ್ನು ನಮಗಂತೂ ಅದರ ಕೆಲ್ಸ ಇಲ್ಲ." ಕಟ್ಟನ್ನು ಅವರ ತೋಳಿಗೆ ಒರಗಿಸಿ ಕತ್ತಲಲ್ಲಿ ಕರಗಿದ.

ಬಾಗಿಲು ಮುಚ್ಚುವ ಮೊದಲೇ ಪಂಚಾಕ್ಷರಪ್ಪನವರ ಆಳು ಕಂಬಳಿಯ ಸುರುಳಿಯೊಂದನ್ನು ತಂದಿಟ್ಟು, ಯಜಮಾನರು ಏನೂ ಹೇಳಬೇಡ ಅಂದಿದ್ದಾರೆ ಎಂದು ಹೇಳಿ ಹೋದ. ಬೈಲಪ್ಪ ಕೆಂಪು ಬಟ್ಟೆಯಲ್ಲಿ ಸುತ್ತಿದ್ದನ್ನು ತಲೆಯ ಮೇಲೆ ಹೊತ್ತು ಬಂದು, "ಅಮ್ಮನ ಸಾಮಾನು," ಎಂದು ಕಣ್ಣಿಗೊತ್ತಿಕೊಂಡು ಇಳಿಸಿದ. ಆಮೇಲೆ ಬಂದವರು ಹೆಸರು ಹೇಳಲಿಲ್ಲ. ಮೆಲ್ಲಗೆ ಕೆಮ್ಮುತ್ತಿದ್ದರು, ಒರಗಿಸುತ್ತಿದ್ದರು, ಹೋಗುತ್ತಿದ್ದರು. ಷಣ್ಮುಖಪ್ಪನವರ ಹಿತ್ತಲು ಸೈನ್ಯದ ಬಿಡಾರದಂತೆ ಕಾಣತೊಡಗಿತು.

ಕೊನೆಗೆ ಬಂದವಳು ಕಲ್ಲಮ್ಮ. ಎಣ್ಣೆಯ ಬಟ್ಟಲು ಇರಲಿಲ್ಲ. ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಉದ್ದನೆಯದೊಂದನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತಂದಿದ್ದಳು. ಷಣ್ಮುಖಪ್ಪನವರು ಅದನ್ನೂ ಅವಳನ್ನೂ ಪಿಳಿಪಿಳಿ ನೋಡಿದರು.

"ಅಜ್ಜೀ... ನೀನೂನಾ?"

"ಹುಷಾರಪ್ಪಾ," ಎಂದಳು ಕಲ್ಲಮ್ಮ, ಗಂಟನ್ನು ಅವರ ಕೈಗಿಡುತ್ತ. "ಚೂರು ಎಡಕ್ಕೆ ಎಳೀತದೆ."